ಹೂಂ

ಮನಾಮದ ಆ ಕಚೇರಿ ಮೂರನೇ ಮಾಳಿಗೆ.
ಟೋಕನ್ ನಲವತ್ತೇಳು.
ಅರ್ಧ ದಿನದ ಸಂಬಳ ಬಿಟ್ಟು ಬಂದವನು ನಾನು,
ಕೋಟೇಶ್ವರದ ವಾಸು ಗಾಣಿಗ, ಗುದೇಬಿಯಾದ ದರ್ಜಿ.
ಕಾಲರಿಗೆ ಚುಚ್ಚಿದ್ದ ಸೂಜಿ ತೆಗೆಯಲು ಮರೆತಿದ್ದೆ.

ದೂರು ಇಷ್ಟೆ.
ಕಾಜಾ ಹಾಕುವ ಹಳೇ ಮಷೀನಿಗೆಂದು ತೆಗೆದ ಸಾಲ.
ಕಂತಿನ ಬೆನ್ನಿಗೆ ಅಂಟಿಕೊಂಡು ತಿಂಗಳು ತಿಂಗಳೂ
ನಾಲ್ಕು ದಿನಾರ್ ಇನ್ನೂರೈವತ್ತು ಫಿಲ್ಸ್.
ಸುರಕ್ಷಾ ಕವಚವಂತೆ.
ಮೂವತ್ತೊಂದು ತಿಂಗಳು.
ಈ ಕವಚ ಹೊಲಿಸಿದವರು ಯಾರು? ನಾನು ಅಳತೆ ಕೊಟ್ಟದ್ದು ಯಾವಾಗ?
ಬ್ಯಾಂಕಿಗೆ ಹೋಗಿ ಕೇಳಿದೆ, ಬರೆಸಿ ಕೇಳಿದೆ.
ಬಂದ ಉತ್ತರ ಒಂದೇ ಸಾಲು:
ನೀವೇ ಒಪ್ಪಿದ್ದೀರಿ, ರೆಕಾರ್ಡಿಂಗ್ ಇದೆ.

ಆ ಸಾಲು ಹಿಡಿದೇ ಇಲ್ಲಿಗೆ ಬಂದೆ.
ಮೇಜಿನಾಚೆ ಬದ್ರಿಯಾ ಮೇಡಂ
ಮೊದಲೇ ಹೇಳಿಬಿಟ್ಟರು, ನಿಧಾನದ ಹಿಂದಿಯಲ್ಲಿ:
ಬ್ಯಾಂಕಿನ ಕಪಾಟು ತೆರೆಸಬಲ್ಲೆ. ಟೇಪು ತರಿಸಬಲ್ಲೆ.
ತಪ್ಪಿದ್ದರೆ ದುಡ್ಡು ಕಕ್ಕಿಸಬಲ್ಲೆ.
ನಿನ್ನ ಅರ್ಧ ದಿನ ಕೊಡಿಸಲಾರೆ.
ಯಾರ ಬಾಯಿಂದಲೂ ಸಾರಿ ಹೇಳಿಸಲಾರೆ.
ಜೈಲಿಗೆ ಕಳಿಸಿ ಅನ್ನಬೇಡ, ಅದು ಬೇರೆ ಕಟ್ಟಡ.

ಟೇಪು ಹಾಕಿದರು.

ಮೊದಲು ಕೇಳಿಸಿದ್ದು ನನ್ನ ಮಷೀನು.
ಈದಿಗೆ ಐದೇ ದಿನ, ನಲವತ್ತು ತೋಬು ಬಾಕಿ,
ಫೋನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿದ ಹೊತ್ತು.
ಆಮೇಲೆ ಒಬ್ಬ ಹುಡುಗಿ, ಉಸಿರು ತೆಗೆಯದೆ
ಸರ್ ಎರಡೇ ನಿಮಿಷ ಸರ್ ಕೆಲಸ ಹೋದರೆ ಕಂತು ನಾವೇ ಕಟ್ತೇವೆ ಸರ್
ಹೂಂ
ಕಾಲು ಮುರಿದರೂ ಸರ್ ಷರತ್ತು ಅನ್ವಯ ಸರ್
ಹೂಂ
ಇವತ್ತಿಂದಲೇ ಶುರು ಮಾಡ್ತೇನೆ ಸರ್
ಹೂಂ.
ಒಟ್ಟು ಆರು. ಕೊನೆಯದಕ್ಕೆ ಮಷೀನೂ ನಿಂತಿತ್ತು,
ದಾರ ಕಡಿದಿರಬೇಕು.

ಇದು ಯಾವ ಪದ, ಏನರ್ಥ, ಮೇಡಂ ಕೇಳಿದರು.

ಪದ ಅಲ್ಲ ಮೇಡಂ.
ನಮ್ಮಲ್ಲಿ ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು.
ಹೂಂಗುಟ್ಟದಿದ್ದರೆ ಕಥೆ ಮುಂದೆ ಹೋಗುವುದಿಲ್ಲ.
ರಾಕ್ಷಸ ರಾಜಕುಮಾರಿಯನ್ನು ಹೊತ್ತುಕೊಂಡು ಹೋದ. ಹೂಂ.
ಹಾಗಂತ ನಾವು ರಾಕ್ಷಸನಿಗೆ ಒಪ್ಪಿಗೆ ಕೊಟ್ಟ ಹಾಗಲ್ಲ.
ಕಿವಿ ಇಲ್ಲಿದೆ ಅಂತ, ಅಷ್ಟೆ.

ಬ್ಯಾಂಕಿನ ಪರ ಬಂದವರು ಡಾಯಸ್, ಕಲ್ಯಾಣಪುರದವರು.
ಅಲ್ಲಿಯವರೆಗೂ ನನ್ನ ಮುಖ ತಪ್ಪಿಸಿ ಫೈಲು ನೋಡುತ್ತಿದ್ದರು.
ನಿಮಗೂ ಆ ಭಾಷೆ ಬರುತ್ತದಲ್ಲ, ಅಂದರು ಮೇಡಂ,
ಇವನು ಹೇಳುವುದು ನಿಜವೇ?
ಡಾಯಸ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.
ಹೂಂ, ಅಂದರು.

ಇದು ಕೇಳಿಸಿಕೊಂಡ ಹೂಂ ಏನು, ಒಪ್ಪಿದ ಹೂಂ ಏನು?
ಮೇಡಂ ನಗಲಿಲ್ಲ. ಪೆನ್ನೆತ್ತಿ ಕಾದರು.
ಒಪ್ಪಿದ್ದು, ಅಂದರು ಡಾಯಸ್ ಮೊದಲು ಕನ್ನಡದಲ್ಲಿ,
ಆಮೇಲೆ ಬರೆದುಕೊಳ್ಳುವವರಿಗಾಗಿ ಇಂಗ್ಲಿಷಿನಲ್ಲಿ.

ಇಪ್ಪತ್ತು ದಿನಕ್ಕೆ ಆದೇಶ ಬಂತು, ಎರಡು ಪುಟ.
ಪಕ್ಕದ ಔಷಧದಂಗಡಿಯ ಹುಡುಗ ಓದಿ ಹೇಳಿದ:
ಕೇಳುವವನ ಸದ್ದು ಸಹಿ ಅಲ್ಲ.
ನೂರ ಮೂವತ್ತೊಂದು ದಿನಾರ್ ಏಳುನೂರೈವತ್ತು ಫಿಲ್ಸ್
ಖಾತೆಗೆ ವಾಪಸು.
ಆ ಹುಡುಗಿಯ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ.

ನಿನ್ನೆ ಮತ್ತೆ ಫೋನು. ಬೇರೆ ಹುಡುಗಿ, ಅದೇ ಉಸಿರು.
ಸರ್ ಎರಡೇ ನಿಮಿಷ ಸರ್.
ಪೆಡಲಿನಿಂದ ಕಾಲು ತೆಗೆದೆ. ಬಾಯಿ ಬಿಡಲಿಲ್ಲ.
ಹಲೋ? ಸರ್ ಕೇಳಿಸ್ತಿದೆಯಾ?
ಅವಳ ಹಿಂದೆ ನೂರು ಹುಡುಗಿಯರು ನೂರು ಕಿವಿಗೆ
ಅದನ್ನೇ ಹೇಳುತ್ತಿದ್ದರು.
ಸರ್?
ಹೂಂಗುಟ್ಟುವವರಿಲ್ಲದೆ ಕಥೆ ನಿಂತೇಬಿಟ್ಟಿತ್ತು,
ರಾಕ್ಷಸನೂ ರಾಜಕುಮಾರಿಯೂ ನಡುದಾರಿಯಲ್ಲಿ.
ಗಂಟಲು ಒಣಗಿರಬೇಕು ಪಾಪ, ಅನ್ನಿಸಿತು.
ಒಂದಿಷ್ಟು ನೀರು ಕುಡಿ ಮಗಾ, ಅಂದೆ,
ಫೋನಿಟ್ಟೆ.